ಉಬ್ಬಸದ ಮಗಳನ್ನು ಶಾಲೆಯ ಹೋಳಿಗೆ ಕಳಿಸಲಾ, ಬೇಡ್ವಾ?

ಪ್ರಶ್ನೆ: ಡಾಕ್ಟ್ರೇ, ನಾವು ಹುಬ್ಬಳ್ಳಿಯವರು. ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸ್. ಮೂರು ವರ್ಷದಿಂದ ಉಬ್ಬಸ ಇದೆ. ಬೆಳಿಗ್ಗೆ ಸಂಜೆ ಇನ್‌ಹೇಲರ್ ಕೊಡುತ್ತೇವೆ. ಮೊಣಕೈ ಮಡಿಕೆಯಲ್ಲಿ, ಮೊಣಕಾಲಿನ ಹಿಂದೆ ಚರ್ಮ ಒಣಗಿ ತುರಿಕೆಯೂ ಬರುತ್ತದೆ. ಈ ಸಲ ಶಾಲೆಯ ಪಾಲಕರೆಲ್ಲ ಸೇರಿ ರಂಗಪಂಚಮಿಯ ಹಿಂದಿನ ದಿನ ಮೈದಾನದಲ್ಲಿ ಮಕ್ಕಳಿಗೆ ಹೋಳಿ ಇಟ್ಟುಕೊಂಡಿದ್ದಾರೆ. 'ಒಣ ಬಣ್ಣ ಮಾತ್ರ, ಅದೂ ಆರ್ಗ್ಯಾನಿಕ್, ನೀರಿಲ್ಲ, ಯಾರಿಗೂ ಭಯ ಬೇಡ' ಅಂತ ಹೇಳಿದ್ದಾರೆ. ಬಣ್ಣ ಚಿಮ್ಮಿಸುವ ಸಿಲಿಂಡರ್ ತರಿಸಿದ್ದಾರೆ. ಸಂಜೆ ಅಲ್ಲೇ ಒಂದು ಸಣ್ಣ ಕಾಮದಹನವೂ ಇದೆ. ಹೋದ ವರ್ಷ ಓಣಿಯಲ್ಲಿ ಯಾರೋ ಮಗಳ ಕಣ್ಣಿಗೆ ಬಣ್ಣ ಎರಚಿದರು. ಅವತ್ತಿನಿಂದ ಹಲಗಿ ಸದ್ದು ಕೇಳಿದರೆ ಸಾಕು, ಒಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಾಳೆ. ಆದರೆ ಗೆಳತಿಯರೆಲ್ಲ ಹೋಗುತ್ತಾರೆ ಅಂತ ಅವಳಿಗೂ ಹೋಗುವ ಆಸೆ. ನಮ್ಮ ಯಜಮಾನರು ಬಾಗಲಕೋಟೆಯವರು. 'ನಾವು ಬ್ಯಾರಲ್‌ನಲ್ಲಿ ಮುಳುಗಿ ಎದ್ದವರು, ಏನೂ ಆಗಂಗಿಲ್ಲ' ಅನ್ನುತ್ತಾರೆ. ಅತ್ತೆ 'ಉಬ್ಬಸದ ಕೂಸನ್ನ ಹೊರಗ ಬಿಡಬ್ಯಾಡ' ಅನ್ನುತ್ತಾರೆ. ಯುಗಾದಿಗೆ ಎಣ್ಣೆ ನೀರೂ ಬೇಡವಂತೆ, ನೆಗಡಿ ಆಗುತ್ತದಂತೆ, ಅದರ ಬದಲು ಬೇವಿನ ಎಣ್ಣೆ ನಾಲ್ಕು ಹನಿ ಕುಡಿಸಿದರೆ ಚರ್ಮ ಶುದ್ಧವಾಗುತ್ತದಂತೆ. ಮಗ ಬೇರೆ ಈ ವರ್ಷ ಎಸ್ಸೆಸ್ಸೆಲ್ಸಿ. ಯಾರ ಮಾತು ಕೇಳಲಿ?

ಉತ್ತರ: ಕಳಿಸಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಶಾಲೆಯವರು ಯಾವುದನ್ನು 'ಭಯ ಬೇಡ' ಅನ್ನುತ್ತಿದ್ದಾರೋ, ನಿಮ್ಮ ಮಗಳ ಮಟ್ಟಿಗೆ ಭಯ ಇರುವುದೇ ಅದರಲ್ಲಿ. ಒಣ ಬಣ್ಣದಲ್ಲಿ.

'ಒಣ ಹೋಳಿ ಒಳ್ಳೆಯದು' ಅನ್ನುವ ಮಾತು ಎಲ್ಲಿಂದ ಬಂತು ಅಂತ ನನಗೆ ಗೊತ್ತು, ಅದರಲ್ಲಿ ತಪ್ಪೂ ಇಲ್ಲ. ನೀರು ಉಳಿಯುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ನೀರಿಗೆ ತತ್ವಾರ ಬಂದಾಗ, ಹೋಳಿಯ ರೇನ್ ಡ್ಯಾನ್ಸ್‌ಗೆ ಕಾವೇರಿ ನೀರು, ಬೋರ್‌ವೆಲ್ ನೀರು ಬಳಸಬೇಡಿ ಅಂತ ಜಲಮಂಡಳಿಯೇ ಹೇಳಿತ್ತು. ನಮ್ಮ ಹುಬ್ಬಳ್ಳಿಯಲ್ಲಿ ನಲ್ಲಿ ನೀರು ಬರುವ ದಿನವನ್ನು ಬೆರಳು ಮಡಚಿ ಎಣಿಸುತ್ತೇವೆ, ಅದನ್ನು ನಿಮಗೆ ಹೇಳಬೇಕಾಗಿಲ್ಲ. ಹಾಗಾಗಿ ಶಾಲೆಯವರು ಒಳ್ಳೆಯ ಮನಸ್ಸಿನಿಂದಲೇ 'ನೀರಿಲ್ಲ' ಅಂದಿದ್ದಾರೆ. ಕಾಲು ಜಾರುವುದಿಲ್ಲ, ಬಲೂನಿನ ಪೆಟ್ಟಿಲ್ಲ, ಬಟ್ಟೆ ಒದ್ದೆಯಾಗುವುದಿಲ್ಲ. ಉಬ್ಬಸ ಇಲ್ಲದ ಮಗುವಿಗೆ ಒಣ ಬಣ್ಣವೇ ಸರಿ ಅಂತ ನಾನೂ ಒಪ್ಪುತ್ತೇನೆ.

ಆದರೆ ಗುಲಾಲು ಅಂದರೆ ಏನು? ಬಹುತೇಕ ಮೆಕ್ಕೆಜೋಳದ ಪಿಷ್ಟ. ಅಗ್ಗದ್ದಾದರೆ ಟಾಲ್ಕ್ ಅಥವಾ ಸೀಮೆಸುಣ್ಣದ ಪುಡಿ. ಅದಕ್ಕೆ ಬಣ್ಣ ಸೇರಿಸಿರುತ್ತಾರೆ. ಬಣ್ಣ ಆರ್ಗ್ಯಾನಿಕ್ ಇರಲಿ, ಮನೆಯಲ್ಲೇ ಅರೆದ ಅರಿಶಿನವೇ ಇರಲಿ, ಗಾಳಿಯಲ್ಲಿ ಹಾರಿದ ಮೇಲೆ ಅದು ಧೂಳು. ಅವಳ ಶ್ವಾಸನಾಳದ ಒಳಗೋಡೆ ಮೊದಲೇ ಸ್ವಲ್ಪ ಊದಿಕೊಂಡಿರುತ್ತದೆ. ನಯವಾದ ಪುಡಿ ಅಲ್ಲಿ ಹೋಗಿ ಕೂತರೆ ಸುತ್ತಲಿನ ಸ್ನಾಯು ಬಿಗಿಯಾಗುತ್ತದೆ. ಕೆಮ್ಮು, ಸುಂಯ್ ಸದ್ದು, ಎದೆ ಬಿಗಿತ ಶುರುವಾಗುತ್ತದೆ. ಪ್ಯಾಕೆಟ್ ಮೇಲೆ ಏನು ಬರೆದಿದೆ ಅನ್ನುವುದು ಶ್ವಾಸನಾಳಕ್ಕೆ ಗೊತ್ತಾಗುವುದಿಲ್ಲ, ಅಲ್ವಾ?

ಎತ್ತರವೂ ಒಂದು ವಿಷಯ. ದೊಡ್ಡವರು ಎರಚಿದ ಪುಡಿ ಇಳಿಯುವುದು ಮಕ್ಕಳ ಮುಖದ ಮಟ್ಟಕ್ಕೆ. ಮಕ್ಕಳು ಓಡುತ್ತಿರುತ್ತಾರೆ, ಕೂಗುತ್ತಿರುತ್ತಾರೆ, ಬಾಯಿ ತೆರೆದೇ ಇರುತ್ತದೆ. ನಮ್ಮ ಕಡೆ ಹೋಳಿಯಲ್ಲಿ ಬಾಯಿ ಬಡಿದುಕೊಂಡು ಹೊಯ್ಕೊಳ್ಳುವುದು ಬೇರೆ ಇದೆ. ಬಣ್ಣದ ಅಂಗೈಯನ್ನು ಬಾಯಿಗೆ ಬಡಿದು ಬಡಿದು, ನಡುವೆ ಉಸಿರು ಒಳಗೆ ಎಳೆದುಕೊಳ್ಳುತ್ತಾರೆ. ಪುಡಿ ಒಳಗೆ ಹೋಗಲು ಇದಕ್ಕಿಂತ ಸಲೀಸಾದ ದಾರಿ ಬೇಕಾ? ಕೆಲವು ವರ್ಷದ ಹಿಂದೆ ಒಬ್ಬ ಒಂಬತ್ತು ವರ್ಷದ ಹುಡುಗನನ್ನು ಹೋಳಿಯ ಮಧ್ಯಾಹ್ನ ನನ್ನ ಹತ್ತಿರ ಕರೆತಂದಿದ್ದರು. ಮುಖ ಚೆನ್ನಾಗಿ ತೊಳೆದಿದ್ದರು, ಅಂಗಿ ಬದಲಿಸಿದ್ದರು. ನೋಡಿದರೆ ಬಣ್ಣ ಆಡಿದವನು ಅಂತ ಗೊತ್ತಾಗುತ್ತಿರಲಿಲ್ಲ. ಮೂಗಿನೊಳಗೆ ಟಾರ್ಚ್ ಬಿಟ್ಟು ನೋಡಿದರೆ ಪೂರ್ತಿ ಗುಲಾಬಿ. ಮೂರನೇ ದಿನ ಮತ್ತೆ ಬಂದಾಗಲೂ ಸಿಂಬಳದಲ್ಲಿ ಗುಲಾಬಿ ಗೆರೆ ಇತ್ತು.

ಇನ್ನೊಂದು ಮಾತು. ಹೋಳಿ ಬರುವ ಹೊತ್ತಿಗೆ ನಿಮ್ಮ ಮಗಳ ಎದೆ ಮೊದಲೇ ಸಿಟ್ಟಿನಲ್ಲಿರುತ್ತದೆ. ಮಾರ್ಚ್ ಅಂದರೆ ಹಗಲು ಸುಡುಬಿಸಿಲು, ಬೆಳಗಿನ ಜಾವ ಇನ್ನೂ ತಣ್ಣಗೆ. ಹೊಲದಲ್ಲಿ ರಾಶಿ ಮಾಡಿದ ಕಡಲೆ, ಗೋಧಿ, ಜೋಳದ ಹೊಟ್ಟು ಗಾಳಿಯಲ್ಲಿ ತೇಲುತ್ತಿರುತ್ತದೆ. ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ, ರಸ್ತೆ ಬದಿಯಲ್ಲಿ ಬಳ್ಳಾರಿ ಜಾಲಿ, ಎರಡರ ಪರಾಗವೂ ಅಲರ್ಜಿ ಇರುವವರಿಗೆ ಆಗಿಬರುವುದಿಲ್ಲ. ಪರೀಕ್ಷೆ ಅಂತ ನಿದ್ದೆ ಕಡಿಮೆ. ಕ್ಲಾಸಿನಲ್ಲಿ ಒಬ್ಬರಿಗೆ ನೆಗಡಿ ಬಂದರೆ ಎಲ್ಲರಿಗೂ. ಇಷ್ಟೆಲ್ಲ ಇದ್ದರೂ ನಾವು ಬೈಯುವುದು ಮಾತ್ರ ಕಲ್ಲಂಗಡಿ ಹಣ್ಣನ್ನು.

ಹಾಗಾದರೆ ಅತ್ತೆ ಹೇಳಿದ್ದೇ ಸರಿ, ಮನೆಯಲ್ಲೇ ಇಟ್ಟುಕೊಳ್ಳುತ್ತೇನೆ ಅನ್ನಬೇಡಿ. ಮಾಡಬೇಕಾದ್ದು ಬಹಳ ಸಣ್ಣದು: ಬಣ್ಣವನ್ನು ಹಾರದಂತೆ ಮಾಡಿ.

ಅದೇ ಪುಡಿಯನ್ನು ಬಟ್ಟಲಿಗೆ ಹಾಕಿ ಸ್ವಲ್ಪ ನೀರು ಬಿಟ್ಟು ಚಟ್ನಿ ಹದಕ್ಕೆ ಕಲಸಿ. ಅಷ್ಟೇ. ಕೆನ್ನೆಗೆ ಹಚ್ಚಬಹುದು, ಕೈಗೆ ಹಚ್ಚಬಹುದು, ಗಾಳಿಗೆ ಎರಚಲು ಮಾತ್ರ ಬರುವುದಿಲ್ಲ. ಒಂದು ತಂಬಿಗೆ ನೀರಿನಲ್ಲಿ ಒಂದು ಕ್ಲಾಸಿಗಾಗುವಷ್ಟು ಬಣ್ಣ ಕಲಸಬಹುದು, ಹಾಗಾಗಿ ನೀರು ಉಳಿಸುವ ಮಾತೂ ಉಳಿಯಿತು. ಇದನ್ನು 'ನಮ್ಮ ಮಗಳಿಗೆ ಉಬ್ಬಸ, ಅವಳಿಗಾಗಿ ಮಾಡಿ' ಅಂತ ಕೇಳಬೇಡಿ. ಎಲ್ಲರ ಮುಂದೆ ಅವಳು ಕಾಯಿಲೆಯ ಹುಡುಗಿ ಆಗುತ್ತಾಳೆ, ಏಳು ವರ್ಷಕ್ಕೆ ಅದು ಬಹಳ ಭಾರ. ಒಂದು ಮತ್ತು ಎರಡನೇ ಕ್ಲಾಸಿನ ಮಕ್ಕಳೆಲ್ಲರಿಗೂ ಕಲಸಿದ ಬಣ್ಣ ಅಂತ ಕೇಳಿ. ಅಷ್ಟು ಮಕ್ಕಳಲ್ಲಿ ಉಬ್ಬಸದವರು ನಿಮ್ಮ ಮಗಳು ಒಬ್ಬಳೇ ಇರಲಿಕ್ಕಿಲ್ಲ. ಬಹಳ ಮನೆಗಳಲ್ಲಿ ಹೇಳಿಕೊಳ್ಳುವುದಿಲ್ಲ, ಹೆಣ್ಣುಮಕ್ಕಳದ್ದಾದರೆ ಇನ್ನೂ ಕಡಿಮೆ.

ಸಿಲಿಂಡರ್ ಬೇಡವೇ ಬೇಡ. ಈ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಅದರಲ್ಲಿ ಪುಡಿ ಒತ್ತಡದಿಂದ ಮೋಡದ ಹಾಗೆ ಹೊರಗೆ ಬರುತ್ತದೆ. ಮುಖದ ಹತ್ತಿರ ಹಿಡಿದರೆ ಕಣ್ಣಿಗೂ ಏಟು. ಅದಕ್ಕಿಂತ ಮುಖ್ಯವಾಗಿ, ಸಂಜೆ ಅದೇ ಮೈದಾನದಲ್ಲಿ ಕಾಮದಹನ ಅಂದಿರಿ. ಪಿಷ್ಟದ ಪುಡಿ ಗಾಳಿಯಲ್ಲಿ ದಟ್ಟವಾಗಿ ಹರಡಿದಾಗ ಬೆಂಕಿ ತಾಗಿದರೆ ಭಗ್ ಅಂತ ಹೊತ್ತಿಕೊಳ್ಳುತ್ತದೆ. ಉತ್ಪ್ರೇಕ್ಷೆ ಮಾಡುತ್ತಿಲ್ಲ. 2015ರ ಜೂನ್ 27ರಂದು ತೈವಾನಿನ ಒಂದು ವಾಟರ್ ಪಾರ್ಕಿನಲ್ಲಿ ನಡೆದ ಬಣ್ಣದ ಪಾರ್ಟಿಯಲ್ಲಿ ಮೆಕ್ಕೆಜೋಳದ ಪಿಷ್ಟದ ಪುಡಿಗೆ ಬೆಂಕಿ ಹತ್ತಿ 15 ಜನ ಸತ್ತರು, ಹೆಚ್ಚುಕಡಿಮೆ 500 ಜನರಿಗೆ ಸುಟ್ಟ ಗಾಯವಾಯಿತು. ಅದು ನಾವು ಆಡುವಂಥ ಬಣ್ಣವೇ. ಪಾಲಕರ ಸಭೆಯಲ್ಲಿ ಇದೊಂದು ವಿಷಯ ಹೇಳಿ, ಉಳಿದದ್ದನ್ನು ಅವರೇ ತೀರ್ಮಾನ ಮಾಡುತ್ತಾರೆ.

ಕಾಮದಹನದ ಹೊಗೆಯೂ ನಿಮ್ಮ ಮಗಳಿಗೆ ಆಗದು. ಕಟ್ಟಿಗೆ, ಕುಳ್ಳು ಮಾತ್ರ ಆಗಿದ್ದರೂ ಹೊಗೆ ಹೊಗೆಯೇ. ಈಗಂತೂ ಹಳೇ ಟೈರು, ಪ್ಲಾಸ್ಟಿಕ್ ಕುರ್ಚಿ ಕೂಡ ತಂದು ಹಾಕುತ್ತಾರೆ. ಉರಿ ಏಳುವಾಗ ಅವಳನ್ನು ಗಾಳಿ ಬರುವ ದಿಕ್ಕಿನಲ್ಲಿ, ದೂರದಲ್ಲಿ ನಿಲ್ಲಿಸಿಕೊಳ್ಳಿ. ಉರಿ ಇಳಿದು ಕೆಂಡವಾದ ಮೇಲೆ ಹತ್ತಿರ ಕರೆದೊಯ್ದರೆ ಸಾಕು. ಕಡಲೆ ಸುಟ್ಟುಕೊಂಡು ತಿನ್ನುವುದು ಹೇಗೂ ಆಗಲೇ ಅಲ್ವಾ!

ಈಗ ಆರ್ಗ್ಯಾನಿಕ್ ವಿಷಯ. ಆ ಹೆಸರನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹಾಗಂತ 'ಬಣ್ಣ ಎಲ್ಲಾ ವಿಷ' ಅನ್ನುವ ಮಾತನ್ನೂ ನಂಬುವುದಿಲ್ಲ. ಕೆಲವು ಅಗ್ಗದ ಬಣ್ಣಗಳಲ್ಲಿ ಸೀಸದಂಥ ಲೋಹಗಳು ಸಿಕ್ಕಿದ್ದು ನಿಜ. ಆದರೆ ಗಾಯವಿಲ್ಲದ ಚರ್ಮದ ಮೂಲಕ ಸೀಸ ದೇಹಕ್ಕೆ ಸೇರುವುದು ಬಹಳ ಕಡಿಮೆ. ಹೊಟ್ಟೆಗೆ ಹೋದರೆ ಮಾತ್ರ ಲೆಕ್ಕ ಬೇರೆ. ಬಣ್ಣದ ಕೈಯಲ್ಲಿ ಮಂಡಕ್ಕಿ, ಮಿರ್ಚಿ ತಿನ್ನುತ್ತಾರಲ್ಲ, ಅಲ್ಲಿ ನಿಮ್ಮ ಕಣ್ಣಿರಲಿ. ಕಣ್ಣು ಕುಕ್ಕುವ ಗುಲಾಬಿ ಬಣ್ಣಕ್ಕೆ ಬಹಳ ಸಲ ಹಾಕುವುದು ರೋಡಮೈನ್-ಬಿ ಅನ್ನುವ ರಾಸಾಯನಿಕ. ಬಾಂಬೆ ಮಿಠಾಯಿಯಲ್ಲಿ ಅದು ಸಿಕ್ಕಿತು ಅಂತ 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ನಿಷೇಧ ಹೇರಿದ್ದು ನೆನಪಿರಬಹುದು. ಮಿಠಾಯಿಯಲ್ಲಿ ಬೇಡವಾದದ್ದು ಬೆರಳಿನ ಮೂಲಕ ಮಂಡಕ್ಕಿಗೆ ಸೇರಿ ಹೊಟ್ಟೆಗೆ ಹೋಗಬಾರದು. ತಿಂಡಿ ಕೊಡುವುದಿದ್ದರೆ ಬಣ್ಣಕ್ಕೆ ಮೊದಲೇ ಕೊಡಲು ಹೇಳಿ.

ತಂದ ಬಣ್ಣವನ್ನು ಅಂಗೈಯಲ್ಲಿ ಉಜ್ಜಿ ನೋಡಿ. ಮಿಣಮಿಣ ಅಂದರೆ ಅಭ್ರಕ ಸೇರಿಸಿದ್ದಾರೆ. ಚರಚರ ಅಂದರೆ ಮರಳೋ ಇನ್ನೇನೋ ಇದೆ. ಸೀಮೆಎಣ್ಣೆ ವಾಸನೆ ಬಂದರೆ ಪ್ಯಾಕೆಟ್ ವಾಪಸ್ ಕೊಡಿ. ಹಬ್ಬಕ್ಕೆ ಎರಡು ಮೂರು ದಿನ ಮೊದಲು ಮಗಳ ತೋಳಿನ ಒಳಭಾಗದಲ್ಲಿ, ಚರ್ಮ ಚೆನ್ನಾಗಿರುವ ಕಡೆ, ಚಿಟಿಕೆ ಬಣ್ಣ ಕಲಸಿ ಹಚ್ಚಿ ನೋಡಿ. ಅಲರ್ಜಿಯ ಗಂಧೆ ಕೆಲವು ಸಲ 48 ಗಂಟೆ ಕಳೆದ ಮೇಲೆ ಏಳುತ್ತದೆ, ಅದಕ್ಕೇ ಎರಡು ಮೂರು ದಿನ ಅಂದೆ.

ಮನೆಯಲ್ಲೇ ಬಣ್ಣ ಮಾಡುವ ಆಸೆ ಇದ್ದರೆ ಮುತ್ತುಗದ ಹೂವು ಇದೆ. ಊಟದ ಎಲೆಗೆ ಬಳಸುತ್ತೇವಲ್ಲ, ಅದೇ ಮುತ್ತುಗ. ಫೆಬ್ರವರಿ, ಮಾರ್ಚ್‌ನಲ್ಲಿ ಎಲೆ ಉದುರಿಸಿ ಕೆಂಡದ ಹಾಗೆ ಹೂ ಬಿಟ್ಟು ನಿಂತಿರುತ್ತದೆ. ಬಿದ್ದ ಹೂವು ಆರಿಸಿ ರಾತ್ರಿ ಬಿಸಿನೀರಲ್ಲಿ ನೆನೆಹಾಕಿದರೆ ಬೆಳಿಗ್ಗೆ ಕೇಸರಿ ಹಳದಿ ನೀರು. ಮಕ್ಕಳಿಂದಲೇ ಮಾಡಿಸಿ, ಶಾಲೆಯಲ್ಲಿ ಪಾಠದ ಹಾಗೂ ಆಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. 'ಮನೆಯ ಬಣ್ಣ ಅಂದರೆ ಭಯ ಇಲ್ಲ' ಅಂತ ಓಕುಳಿ ನೀರು ಮಾಡುವವರಿದ್ದಾರೆ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದಲ್ಲ, ಆರತಿ ನೀರಿನ ಹಾಗೆ. ಬಟ್ಟೆಯ ಅರಿಶಿನ ಕಲೆಗೆ ಸಾಬೂನು ತಾಗಿದಾಗ ಕೆಂಪಾಗುವುದೂ ಇದೇ ಕಾರಣಕ್ಕೆ, ಕ್ಷಾರ ಸಿಕ್ಕರೆ ಅರಿಶಿನ ಬಣ್ಣ ಬದಲಿಸುತ್ತದೆ. ನೋಡಲು ಚೆಂದ. ಆದರೆ ಸುಣ್ಣ ಕಣ್ಣಿಗೆ ಬಿದ್ದರೆ ಅದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಆ್ಯಸಿಡ್‌ಗಿಂತ ಕ್ಷಾರ ಕಣ್ಣಿನೊಳಗೆ ಆಳಕ್ಕೆ ಇಳಿಯುತ್ತದೆ, ದೃಷ್ಟಿಯೇ ಹೋಗಬಹುದು. ಅಂಗಡಿಯ ಬಣ್ಣಕ್ಕೆ ಹೆದರಿ ಮನೆಯಲ್ಲಿ ಸುಣ್ಣ ಕಲಸುವುದು ಯಾವ ಲೆಕ್ಕ! ಕೆಂಪು ಬೇಕಾದರೆ ಬೀಟ್‌ರೂಟ್ ಇದೆ.

ಕಣ್ಣಿಗೆ ಬಣ್ಣ ಬಿದ್ದರೆ ಉಜ್ಜಬೇಡಿ. ತಲೆ ಓರೆ ಮಾಡಿಸಿ, ರೆಪ್ಪೆ ಬಿಡಿಸಿ, ಕುಡಿಯುವ ನೀರನ್ನು ಸಣ್ಣ ಧಾರೆಯಲ್ಲಿ 15ರಿಂದ 20 ನಿಮಿಷ ಬಿಡಿ. ಅಷ್ಟು ಹೊತ್ತು ಮಗು ಅಳುತ್ತದೆ, ಕೊಸರಾಡುತ್ತದೆ. ಆದರೂ ಬಿಡಬೇಡಿ. ರೋಸ್ ವಾಟರ್, ಹಾಲು, ಔಡಲೆಣ್ಣೆ ಯಾವುದೂ ಬೇಡ. ಆಮೇಲೂ ಕೆಂಪು, ನೋವು, ಮಂಜು ಇದ್ದರೆ ಕಣ್ಣಿನ ಡಾಕ್ಟರ ಹತ್ತಿರ ಅವತ್ತೇ ಹೋಗಿ. ಸುಣ್ಣ ಬಿದ್ದರೆ ಕನಿಷ್ಠ ಅರ್ಧ ಗಂಟೆ ತೊಳೆದು, ನೋವಿರಲಿ ಬಿಡಲಿ, ಸೀದಾ ಆಸ್ಪತ್ರೆಗೆ ಹೋಗಿ. ನೀರಿನ ಬಲೂನು ಕಣ್ಣಿಗೆ ಬಡಿದರೂ ಸೀದಾ ಆಸ್ಪತ್ರೆಗೇ. ಹೊರಗೆ ಏನೂ ಕಾಣದಿದ್ದರೂ ಒಳಗೆ ರಕ್ತ ಕಟ್ಟಿರಬಹುದು.

ನಿಮ್ಮ ಯಜಮಾನರ ಮಾತಿಗೆ ಬರುತ್ತೇನೆ. ಬಾಗಲಕೋಟೆಯವರು ಹೋಳಿಯ ವಿಷಯದಲ್ಲಿ ಬೇರೆಯವರ ಮಾತು ಕೇಳುವುದಿಲ್ಲ ಅಂತ ಗೊತ್ತು. ದಿನಗಟ್ಟಲೆ ಹಲಗಿ, ಬಂಡಿಯಲ್ಲಿ ಬ್ಯಾರಲ್‌ಗಟ್ಟಲೆ ಬಣ್ಣ, ನಾನೂ ಒಮ್ಮೆ ಸಿಕ್ಕಿಹಾಕಿಕೊಂಡು ವಾರವಿಡೀ ಹಸಿರು ಕಿವಿ ಇಟ್ಟುಕೊಂಡೇ ರೋಗಿಗಳನ್ನು ನೋಡಿದ್ದೇನೆ. ಅವರಿಗೆ ಏನೂ ಆಗಲಿಲ್ಲ ಅನ್ನುವುದು ಸತ್ಯವೇ. ಆದರೆ ಅವರಿಗೆ ಉಬ್ಬಸ ಇರಲಿಲ್ಲ. ಮತ್ತೆ ಒಂದು ತಮಾಷೆ ನೋಡಿ, ಅವರು ಆಡಿದ್ದು ಬ್ಯಾರಲ್‌ನ ಒದ್ದೆ ಬಣ್ಣ. ಎದೆಯ ಮಟ್ಟಿಗೆ ಅದು ಈಗಿನ ಒಣ ಗುಲಾಲಿಗಿಂತ ಮೇಲೇ!

ಚರ್ಮದ ವಿಷಯ. ಹೋಳಿ ಆದ ಮೇಲೆ ನನ್ನ ಹತ್ತಿರ ಬರುವ ಮಕ್ಕಳಲ್ಲಿ, ಬಣ್ಣದಿಂದ ಚರ್ಮ ಕೆಟ್ಟವರಿಗಿಂತ ಬಣ್ಣ ತೆಗೆಯಲು ಹೋಗಿ ಚರ್ಮ ಕೆಡಿಸಿಕೊಂಡವರೇ ಜಾಸ್ತಿ. ಮರುದಿನ ಶಾಲೆ ಇದೆ ಅಂತ ಸಂಜೆ ಕೂರಿಸಿಕೊಂಡು ಬಟ್ಟೆ ಸೋಪು, ಕಡಲೆ ಹಿಟ್ಟು, ನಿಂಬೆಹಣ್ಣು, ಕೊನೆಗೆ ಸೀಮೆಎಣ್ಣೆ ತನಕ ಹೋಗುತ್ತಾರೆ. ತುರಿಕೆ ಚರ್ಮದ ಮಗುವಿಗೆ ಇದು ಶಿಕ್ಷೆ. ಅವಳ ಚರ್ಮದ ಹೊರ ಪದರ ಮೊದಲೇ ಸಡಿಲ. ಉಜ್ಜಿದಷ್ಟೂ ಬಿರುಕು ಬಿಡುತ್ತದೆ, ಬಣ್ಣ ಇನ್ನೂ ಒಳಗೆ ಹೋಗುತ್ತದೆ.

ಹೋಗುವ ಅರ್ಧ ಗಂಟೆ ಮೊದಲು ಮೈಗೆಲ್ಲ ಕೊಬ್ಬರಿ ಎಣ್ಣೆ ಹಚ್ಚಿ. ಕಿವಿ ಹಿಂದೆ, ತುಟಿ, ಉಗುರಿನ ಸುತ್ತ, ಮೊಣಕೈ ಮಡಿಕೆಗೆ ವ್ಯಾಸಲಿನ್. ಸಾಸಿವೆ ಎಣ್ಣೆ ಬೇಡ, ಉರಿಯುತ್ತದೆ. ತುಂಬು ತೋಳಿನ ಹಳೇ ಹತ್ತಿ ಅಂಗಿ, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ. ಬಂದ ಮೇಲೆ ಮೊದಲು ಬರೀ ಉಗುರುಬೆಚ್ಚಗಿನ ನೀರು, ಆಮೇಲೆ ಮೆತ್ತಗಿನ ಸಾಬೂನು ಒಂದೇ ಸಲ. ಹೋಗದ ಬಣ್ಣ ಇರಲಿ ಬಿಡಿ. ಹೊರ ಚರ್ಮ ತಾನಾಗಿ ಉದುರುವಾಗ ಕೆಲವು ದಿನದಲ್ಲಿ ಹೋಗುತ್ತದೆ. ಗುಲಾಬಿ ಕಿವಿ ಇಟ್ಟುಕೊಂಡು ಶಾಲೆಗೆ ಹೋದರೆ ಏನಾಯಿತು, ಅವತ್ತು ಎಲ್ಲರ ಕಿವಿಯೂ ಹಾಗೆಯೇ ಇರುತ್ತದೆ. ಮೈ ಒರೆಸಿದ ತಕ್ಷಣ, ಇನ್ನೂ ಪಸೆ ಇರುವಾಗಲೇ, ನಿಮ್ಮ ಡಾಕ್ಟರು ಕೊಟ್ಟ ಕ್ರೀಮು ಹಚ್ಚಿಬಿಡಿ. ಹಬ್ಬದ ದಿನ ಮಡಿಕೆಯಲ್ಲಿ ರಸಿಕೆ ಸೋರುತ್ತಿದ್ದರೆ, ಬಿರುಕು ಬಿಟ್ಟಿದ್ದರೆ ಮಾತ್ರ ಬಣ್ಣ ಬೇಡ.

ಹಲಗಿ ಸದ್ದಿಗೆ ಬಾಗಿಲು ಹಾಕಿಕೊಳ್ಳುತ್ತಾಳೆ ಅಂದಿರಿ. ನಿಮ್ಮ ಪತ್ರದಲ್ಲಿ ನನಗೆ ಬಹಳ ಹೊತ್ತು ಕಾಡಿದ್ದು ಅದೇ ಸಾಲು. ಅವಳ ಹೆದರಿಕೆ ಬಣ್ಣದ್ದಲ್ಲ, ಹೇಳದೆ ಕೇಳದೆ ಮುಖಕ್ಕೆ ಬಂದದ್ದರದ್ದು. ಕಣ್ಣು ಉರಿದು, ಏನೂ ಕಾಣದೆ, ಸುತ್ತ ಹಲಗಿ ಬಡಿಯುತ್ತಿದ್ದಾಗ ಅವಳು ಏನು ಅನುಭವಿಸಿದಳೋ, ಸದ್ದು ಕೇಳಿದ ಕೂಡಲೇ ಮೈಗೆ ಅದೇ ನೆನಪಾಗುತ್ತದೆ. 'ಅಂಜುಬುರುಕಿ' ಅಂತ ನಕ್ಕರೆ ಇನ್ನೂ ಒಳಗೆ ಹೋಗುತ್ತಾಳೆ. ಎಳೆದುಕೊಂಡು ಹೋಗಿ 'ಒಮ್ಮೆ ಹಚ್ಚಿದರೆ ಹೆದರಿಕೆ ಹೋಗುತ್ತೆ' ಅನ್ನುವವರೂ ಇರುತ್ತಾರೆ. ದಯವಿಟ್ಟು ಅದಕ್ಕೆ ಅವಕಾಶ ಕೊಡಬೇಡಿ.

ಈಗಿನಿಂದಲೇ ಮನೆಯಲ್ಲಿ ಆಟದ ಹಾಗೆ ಶುರು ಮಾಡಿ. ಸ್ಟೀಲ್ ತಟ್ಟೆಯೋ ಡಬ್ಬಿಯೋ ಅವಳ ಕೈಗೆ ಕೊಟ್ಟು ಬಡಿಯಲು ಹೇಳಿ. ಸದ್ದು ತನ್ನ ಕೈಯಿಂದ ಬಂದರೆ ಅದು ಬೇರೆ ಸದ್ದು. ಬಣ್ಣದ ಬಟ್ಟಲನ್ನೂ ಅವಳಿಗೇ ಕೊಡಿ. ಅವಳು ನಿಮಗೆ ಹಚ್ಚಲಿ, ಅಪ್ಪನಿಗೆ ಹಚ್ಚಲಿ, ಅಜ್ಜಿಗೂ ಹಚ್ಚಲಿ. ತನಗೆ ಹಚ್ಚಿ ಅಂತ ಅವಳೇ ಕೆನ್ನೆ ಒಡ್ಡುವ ತನಕ ಯಾರೂ ಹಚ್ಚಬೇಡಿ. ಶಾಲೆಯ ದಿನ ಅವಳ ಕ್ಲಾಸ್ ಟೀಚರ್‌ಗೆ ಒಂದು ಮಾತು ಹೇಳಿಡಿ: ಕೇಳಿದ ಮೇಲೆಯೇ ಹಚ್ಚಬೇಕು, ಅದೂ ಕೆನ್ನೆಗೆ ಮಾತ್ರ, ಬೇಡ ಅಂದರೆ ಬೇಡ. ಬಣ್ಣ ಆಡದ ಮಕ್ಕಳಿಗೆ ಒಂದು ಕಡೆ ಬೆಂಚು ಹಾಕಿ, ಪಾನಕ ಹಂಚುವ ಕೆಲಸವನ್ನೋ ಹಲಗಿ ಬಡಿಯುವ ಕೆಲಸವನ್ನೋ ಕೊಟ್ಟರೆ ಆ ಬೆಂಚಿಗೆ ಜಾಗ ಸಾಲುವುದಿಲ್ಲ, ನೋಡಿ ಬೇಕಾದರೆ. ಬೇರೆ ಬೇರೆ ಕಾರಣಕ್ಕೆ ಆಡದ ಮಕ್ಕಳು ಪ್ರತಿ ಶಾಲೆಯಲ್ಲೂ ಇರುತ್ತಾರೆ. ಮೈದಾನದ ಗೇಟಿನಿಂದಲೇ ಅವಳು ವಾಪಸ್ ಹೋಗೋಣ ಅಂದರೆ, ಮುಖ ಗಂಟಿಕ್ಕದೆ ವಾಪಸ್ ಬನ್ನಿ.

ಮಗನ ವಿಷಯ ಎರಡೇ ಮಾತು. ಹತ್ತನೇ ಕ್ಲಾಸಿನ ಹುಡುಗನನ್ನು ಹಬ್ಬದ ದಿನ ರೂಮಿನಲ್ಲಿ ಕೂರಿಸಿದರೆ ಅವನು ಓದುವುದಿಲ್ಲ, ಕಿಟಕಿ ನೋಡುತ್ತಾನೆ. ಎರಡು ಗಂಟೆ ಬಿಡಿ, ಬಲೂನು ಮತ್ತು ಬೈಕು ಬೇಡ ಅನ್ನಿ. ಪರೀಕ್ಷೆಯ ಮುಂಚೆ ಕಣ್ಣು ಕೈ ಸರಿ ಇದ್ದರೆ ಸಾಕು.

ಇನ್ನು ಯುಗಾದಿ. ಹೋಳಿ ಹುಣ್ಣಿಮೆ ಆಗಿ ಹದಿನೈದು ದಿನಕ್ಕೆ ಬರುತ್ತದೆ. ಎಣ್ಣೆ ನೀರಿನಿಂದ ನೆಗಡಿ ಬರುವುದಿಲ್ಲ, ನೆಗಡಿ ಬರುವುದು ವೈರಸ್‌ನಿಂದ. ನಿಮ್ಮ ಮಗಳ ಒಣ ಚರ್ಮಕ್ಕೆ ಕೊಬ್ಬರಿ ಎಣ್ಣೆ ಒಳ್ಳೆಯದೇ. ಕೆಡುವುದು ಆಮೇಲೆ: ಹೊಗೆಯಾಡುವ ಬಿಸಿನೀರು, ಗರಗರ ಉಜ್ಜುವ ಸೀಗೆಕಾಯಿ. ನೀರು ಉಗುರುಬೆಚ್ಚಗೆ ಇರಲಿ, ಸೀಗೆಪುಡಿಯನ್ನು ಬಚ್ಚಲಲ್ಲಿ ಕೊಡವಬೇಡಿ, ಅದೂ ಉಬ್ಬಸಕ್ಕೆ ಧೂಳೇ. ನೀರಿಗೆ ನಾಲ್ಕು ಬೇವಿನ ಎಲೆ ಹಾಕಿದರೆ ತೊಂದರೆ ಇಲ್ಲ.

ಆದರೆ ಬೇವಿನ ಎಣ್ಣೆ ಕುಡಿಸಬೇಡಿ. ಒಂದು ಹನಿಯೂ ಬೇಡ. ನಿಮ್ಮ ಇಡೀ ಪತ್ರದಲ್ಲಿ ನಾನು ಪೂರ್ತಿ 'ಬೇಡ' ಅನ್ನುವ ಮನೆಮದ್ದು ಇದೊಂದೇ. ಬೇವಿನ ಎಣ್ಣೆ ಕುಡಿಸಿದ ಚಿಕ್ಕ ಮಕ್ಕಳಿಗೆ ವಾಂತಿ, ಮಂಪರು, ಫಿಟ್ಸ್ ಬಂದು ಲಿವರ್‌ಗೂ ಮೆದುಳಿಗೂ ಪೆಟ್ಟಾದ ಪ್ರಕರಣಗಳು ಮಲೇಷ್ಯಾದಲ್ಲೂ ನಮ್ಮ ದೇಶದಲ್ಲೂ ದಾಖಲಾಗಿವೆ. ಹೂವಿನಲ್ಲಿ, ಚಿಗುರಿನಲ್ಲಿ ಇರುವುದಕ್ಕೂ ಬೀಜ ಹಿಂಡಿ ತೆಗೆದ ಎಣ್ಣೆಗೂ ಬಹಳ ವ್ಯತ್ಯಾಸ. ಅತ್ತೆಯವರಿಗೆ ಇದನ್ನು ನೀವು ಹೇಳಿದರೆ ಮನೆಯಲ್ಲಿ ಮಾತು ಬೆಳೆಯಬಹುದು, ಡಾಕ್ಟರು ಬರೆದಿದ್ದಾರೆ ಅಂತ ಇದನ್ನೇ ಓದಿ ಹೇಳಿ. ಅವರು ಮಾಡುವ ಯುಗಾದಿಯ ಬೇವನ್ನು, ಬೆಲ್ಲ, ಹುಣಸೆ, ಪುಟಾಣಿ ಹಿಟ್ಟು ಹಾಕಿ ಮಾಡುತ್ತಾರಲ್ಲ, ಅದನ್ನು ಮಗಳು ಎರಡು ಲೋಟ ಕುಡಿಯಲಿ. ಅತ್ತೆಗೂ ಸಮಾಧಾನ, ಹೂವಿನ ಕಹಿಯೂ ಹೊಟ್ಟೆಗೆ ಸೇರಿತು. ಎದೆ ಕಟ್ಟಿದೆ ಅಂತ ಕರ್ಪೂರ ಕರಗಿಸಿದ ಎಣ್ಣೆ ಇಟ್ಟಿದ್ದರೆ ಅದು ಮಕ್ಕಳ ಕೈಗೆ ಸಿಗದ ಹಾಗೆ ಮೇಲಿಡಿ. ಕರ್ಪೂರ ಹೊಟ್ಟೆಗೆ ಹೋದರೆ ಕೆಲವೇ ನಿಮಿಷದಲ್ಲಿ ಫಿಟ್ಸ್ ಬರಬಹುದು.

ಕಳಿಸಿ ಅಂದೆನಲ್ಲ, ಈ ವರ್ಷ ಬಿಡಿ ಅನ್ನುವುದು ಯಾವಾಗ ಅಂತಲೂ ಹೇಳುತ್ತೇನೆ. ಹಿಂದಿನ ವಾರದಲ್ಲಿ ರಾತ್ರಿ ಕೆಮ್ಮಿ ಎದ್ದಿದ್ದರೆ, ತಕ್ಷಣ ಉಸಿರು ಬಿಡಿಸುವ ಇನ್‌ಹೇಲರ್ ವಾರದಲ್ಲಿ ಎರಡಕ್ಕಿಂತ ಜಾಸ್ತಿ ಸಲ ಬೇಕಾಗಿದ್ದರೆ, ನೆಗಡಿ ಜ್ವರ ಇದ್ದರೆ ಬೇಡ. ಚೆನ್ನಾಗಿದ್ದರೆ ದಿನದ ಇನ್‌ಹೇಲರ್ ಅವತ್ತೂ ತಪ್ಪಿಸಬೇಡಿ. 'ಚಟ ಆಗುತ್ತೆ' ಅಂತ ಹಬ್ಬದ ವಾರದಲ್ಲಿ ನಿಲ್ಲಿಸುವ ಮನೆಗಳಿವೆ. ಅದು ಚಟ ಹಿಡಿಸುವ ಔಷಧಿಯಲ್ಲ, ಒಳಗಿನ ಊತ ಇಳಿಸುವ ಔಷಧಿ. ಮಾತನಾಡಲು ಉಸಿರು ಸಾಲದಿದ್ದರೆ, ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ, ತುಟಿ ನೀಲಿಯಾದರೆ, ಔಷಧಿ ಕೊಟ್ಟರೂ ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ, ಇಲ್ಲವೇ ಆಟೋ ಹತ್ತಿ. ಮನೆಗೆ ಹೋಗಿ ಬಟ್ಟೆ ಬದಲಿಸಿ ಹೋಗೋಣ ಅನ್ನಬೇಡಿ. ಬಣ್ಣ ಮೆತ್ತಿದ ಮಕ್ಕಳು ನಮಗೆ ಹೊಸದಲ್ಲ.

ಅವಳ ಚೀಲದಲ್ಲಿ ತಕ್ಷಣ ಉಸಿರು ಬಿಡಿಸುವ ಆ ನೀಲಿ ಇನ್‌ಹೇಲರ್ ಮತ್ತು ಸ್ಪೇಸರ್ (ಇನ್‌ಹೇಲರ್‌ಗೆ ಸಿಕ್ಕಿಸಿ ಉಸಿರೆಳೆಯುವ ಕೊಳವೆ) ಇರಲಿ. ಎಷ್ಟು ಪಫ್ ಅಂತ ನಿಮ್ಮ ಡಾಕ್ಟರ ಕೈಯಲ್ಲಿ ಚೀಟಿ ಬರೆಸಿ ಟೀಚರ್‌ಗೆ ಕೊಡಿ. ಒಂದೊಂದೇ ಪಫ್, ಪ್ರತಿ ಸಲ ಐದಾರು ಉಸಿರು. ಈಗ ಎದ್ದು ಆ ಇನ್‌ಹೇಲರ್ ತೆಗೆದು ನೋಡಿ. ಅಲ್ಲಾಡಿಸಿದಾಗ ಸದ್ದು ಬಂತು, ಒತ್ತಿದಾಗ ಹೊಗೆ ಬಂತು ಅಂದರೆ ಔಷಧಿ ಇದೆ ಅಂತ ಅಲ್ಲ. ಎಷ್ಟೋ ಸಲ ಅದು ಬರೀ ಗ್ಯಾಸ್. ಡಬ್ಬಿಯ ಮೇಲೆ 200 ಡೋಸ್ ಅಂತ ಬರೆದಿದ್ದರೆ, ಇಲ್ಲಿವರೆಗೆ ಎಷ್ಟಾಗಿದೆ ಅಂತ ಲೆಕ್ಕ ಹಾಕಿ. ಲೆಕ್ಕ ಸಿಗದಿದ್ದರೆ ನಾಳೆಯೇ ಹೊಸದು ತನ್ನಿ.